ಕೌದಳ್ಳಿಯ ಮೂರು ಕಾಸು

ಮಲೆ ಮಹದೇಶ್ವರನ ಬೆಟ್ಟಕ್ಕೆ ಹೋಗತಕ್ಕ ಯಾತ್ರಿಕರಿಗೆ ಕೌದಳ್ಳಿಯೆಂದರೆ ಹನೂರು ಕಳೆದ ಮೇಲೆ ಸಿಗುವ ಒಂದು ಊರು, ಅಷ್ಟೆ. ನಾನೂ ಅದನ್ನು ಬಸ್ಸಿನ ಕಿಟಕಿಯಿಂದ ಕಂಡವನೇ ಹೊರತು ಇಳಿದು ನೋಡಿದವನಲ್ಲ. ಕಳೆದ ಸಲ ಅಲ್ಲಿ ಅರ್ಧ ದಿನ ನಿಲ್ಲುವಂತಾದದ್ದು ಮೂರು ತಾಮ್ರದ ಕಾಸುಗಳ ದೆಸೆಯಿಂದ.

ನನಗೆ ಹಳೆಯ ನಾಣ್ಯಗಳ ಹುಚ್ಚು ಉಂಟೆಂದು ಬಲ್ಲ ಮಿತ್ರರೊಬ್ಬರು ಅಲ್ಲಿಯ ಒಬ್ಬ ರೈತರ ಮನೆಗೆ ಕರೆದೊಯ್ದರು. ಯಜಮಾನರಿಗೆ ಎಪ್ಪತ್ತರ ಮೇಲೆ ವಯಸ್ಸು. ನೆಲದಡಿಯ ಲೋಹವನ್ನು ಪತ್ತೆಹಚ್ಚುವ ಮೆಟಲ್ ಡಿಟೆಕ್ಟರ್ ಎಂಬ ಯಂತ್ರವನ್ನು ಅವರ ಮೊಮ್ಮಗ ಎಲ್ಲಿಂದಲೋ ತಂದು ತಮ್ಮ ಹೊಲದಲ್ಲಿ ಆಡಿಸಿದ್ದ. ಎತ್ತಿನ ಲಾಳ, ಮೊಳೆ, ಸೋಡಾ ಬಾಟಲಿಯ ಮುಚ್ಚಳಗಳ ರಾಶಿ ಬಿದ್ದ ಮೇಲೆ ಈ ಮೂರು ಕಾಸು ಸಿಕ್ಕಿದ್ದುವು.

“ಇವಕ್ಕೆ ಎಷ್ಟು ಬತ್ತದೆ ಸ್ವಾಮಿ?” ಎಂದರು ಯಜಮಾನರು.

ಅದು ಬರಿಯ ಕುತೂಹಲದ ಪ್ರಶ್ನೆಯಲ್ಲವೆಂಬುದು ಆಮೇಲೆ ತಿಳಿಯಿತು. ಯಾರೋ ಒಬ್ಬಾತ ಫೋನಿನಲ್ಲಿ ಆನೆಯ ಕಾಸೊಂದಕ್ಕೆ ಎಂಟು ಲಕ್ಷ ಕೊಡುವುದಾಗಿ ಹೇಳಿ, ಅದಕ್ಕೆ ಮೊದಲು ‘ತೆರಿಗೆ’ಯ ಬಾಬ್ತು ಹನ್ನೆರಡು ಸಾವಿರ ಕಳುಹಿಸಬೇಕೆಂದಿದ್ದ. ಅದಕ್ಕಾಗಿ ಎರಡು ಕುರಿ ಮಾರುವ ಮಾತು ಮನೆಯಲ್ಲಿ ನಡೆದಿತ್ತು.

ಮೂರರಲ್ಲಿ ಎರಡು ಕಾಸು ಈಗತಾನೆ ಟಂಕಸಾಲೆಯಿಂದ ಬಂದಂತೆ ಕೆಂಪಗೆ ಹೊಳೆಯುತ್ತಿದ್ದುವು. ನನ್ನ ಎದೆ ಧಸಕ್ಕೆಂದಿತು. ಮನೆಯ ಸೊಸೆ ಹುಣಸೆಹಣ್ಣು ಹಚ್ಚಿ, ಬೂದಿ ಹಾಕಿ, ತೆಂಗಿನ ನಾರಿನಲ್ಲಿ ಚೊಂಬು ಬೆಳಗುವ ಹಾಗೆ ಬೆಳಗಿಟ್ಟಿದ್ದರು. ಒಳ್ಳೆಯ ಮನಸ್ಸಿನಿಂದ ಮಾಡಿದ ಕೆಲಸ, ಬಯ್ಯುವುದು ಹೇಗೆ? ಆದರೆ ತಾಮ್ರದ ನಾಣ್ಯ ಶತಮಾನಗಳ ಕಾಲ ಮಣ್ಣಿನಲ್ಲಿದ್ದು ತನ್ನ ಮೈಮೇಲೆ ಕಂದೋ ಹಸಿರೋ ಆದ ಒಂದು ತೆಳು ಪೊರೆಯನ್ನು ತಾನೇ ಬೆಳೆಸಿಕೊಂಡಿರುತ್ತದೆ. ಒಳಗಿನ ಲೋಹವನ್ನು ಕಾಪಾಡುವುದು ಆ ಪೊರೆಯೇ. ಹುಳಿ ತಾಗಿದರೆ ಅದು ಹೋಗುತ್ತದೆ. ಉಜ್ಜಿದರೆ ಅಕ್ಷರಗಳ ಅಂಚೂ ಅದರೊಡನೆ ಹೋಗುತ್ತದೆ. ನಾಣ್ಯ ಸಂಗ್ರಹಿಸುವವರು ಇಂಥ ಕೆಂಪು ಕಾಸನ್ನು ದೂರದಿಂದಲೇ ಗುರುತಿಸಿ ಬೆಲೆ ಇಳಿಸುತ್ತಾರೆ. ಹಾಗೆಂದು ಹಸಿರೆಲ್ಲವೂ ಒಳ್ಳೆಯದಲ್ಲ. ಗಟ್ಟಿಯಾಗಿ, ನುಣುಪಾಗಿ ಕೂತ ಹಸಿರು ಕಾವಲುಗಾರ. ಉಗುರು ತಾಗಿದರೆ ಪುಡಿಪುಡಿಯಾಗಿ ಉದುರುವ ತಿಳಿಹಸಿರು ಕಿಲುಬು ರೋಗ. ಉಪ್ಪಿನಂಶ ತೇವದೊಡನೆ ಸೇರಿ ಒಳಗೊಳಗೇ ಲೋಹವನ್ನು ತಿನ್ನುತ್ತ ಹೋಗುವ ಬಗೆ ಅದು. ಅಂಥ ನಾಣ್ಯವನ್ನು ಒಣಗಿದ ಜಾಗದಲ್ಲಿ ಬೇರೆಯಾಗಿಡಬೇಕು.

ಬೆಳಗಿದ ಎರಡರಲ್ಲಿ ಒಂದು ಟಿಪ್ಪು ಸುಲ್ತಾನನ ಆನೆಯ ಪೈಸೆ. ಆನೆಯ ತಲೆ, ಪಕ್ಕೆಗಳು ನುಣ್ಣಗಾಗಿದ್ದುವು. ನಾಣ್ಯದಲ್ಲಿ ಉಬ್ಬಿದ ಭಾಗ ಮೊದಲು ಸವೆಯುತ್ತದೆ. ಹತ್ತಾರು ವರ್ಷ ಕೈಯಿಂದ ಕೈಗೆ ತಿರುಗಿದ್ದರ ಗುರುತು ಅದು. ಆದರೆ ಅಂಚಿನಲ್ಲಿ ಆನೆಯ ಬಾಲವೇ ಕಾಣದಿದ್ದದ್ದು ಸವೆತವಲ್ಲ. ಆ ಕಾಲದಲ್ಲಿ ಕೈಯಿಂದ ಅಚ್ಚು ಹೊಡೆಯುತ್ತಿದ್ದರು. ಅಚ್ಚು ದೊಡ್ಡದು, ಬಿಲ್ಲೆ ಚಿಕ್ಕದು. ಚಿತ್ರದ ಒಂದು ಪಾಲು ಹುಟ್ಟುವಾಗಲೇ ಹೊರಗುಳಿಯುತ್ತಿತ್ತು. ಸವೆದದ್ದು ಯಾವುದು, ಮೂಡದೇ ಹೋದದ್ದು ಯಾವುದು, ಮಣ್ಣು ತಿಂದದ್ದು ಯಾವುದು ಎಂದು ಬೇರ್ಪಡಿಸುವುದೇ ಈ ವಿದ್ಯೆಯ ಅರ್ಧ ಪಾಲು. ಟಿಪ್ಪುವಿನ ನಾಣ್ಯಗಳಲ್ಲಿ ಇನ್ನೊಂದು ತೊಡಕುಂಟು. 1787ರ ಸುಮಾರಿನಿಂದ ಆತ ಪ್ರವಾದಿಯವರ ಜನನದಿಂದ ಎಣಿಸುವ ಮೌಲೂದಿ ಶಕವನ್ನು ಬಳಕೆಗೆ ತಂದು, ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಯಿಸಿದ. 1224 ಎಂಬುದು ನಮ್ಮ ಕಣ್ಣಿಗೆ 4221 ಆಗಿ ಕಾಣುತ್ತದೆ.

ಎರಡನೆಯದರಲ್ಲಿಯೂ ಆನೆಯೇ. ಆದರೆ ಅದರ ಮೇಲೆ ಸೂರ್ಯಚಂದ್ರರ ನಡುವೆ ‘ಶ್ರೀ’. ಹಿಂದುಗಡೆ ಕನ್ನಡದಲ್ಲಿ ‘ಮಯಿಲಿ ಕಾಸು’. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ್ದು. ಸುಲ್ತಾನ ಹೋದರೂ ಆನೆ ಉಳಿಯಿತು. ಸಂತೆಯ ಜನ ಆನೆಯನ್ನು ನಂಬಿದ್ದರು.

ಮೂರನೆಯದು ಮಣ್ಣಿನೊಡನೆಯೇ ಇತ್ತು, ಸೊಸೆಯ ಕೈಗೆ ಸಿಕ್ಕಿರಲಿಲ್ಲ. ಮೆತ್ತನೆಯ ಕುಂಚದಿಂದ ಸಡಿಲ ಮಣ್ಣನ್ನಷ್ಟೇ ಕೊಡವಿದಾಗ ಎರಡು ಸಿಂಹಗಳ ಲಾಂಛನ, ಕೆಳಗೆ 1808 ಎಂಬ ಇಸವಿ ಕಂಡಿತು. ಹಿಂದೆ ಪಾರಸಿ ಬರಹ, ಅದರ ಕೆಳಗೆ ‘ಎಕ್ಸ್ ಕ್ಯಾಶ್’, ಎಂದರೆ ಹತ್ತು ಕಾಸು. ಈಸ್ಟ್ ಇಂಡಿಯಾ ಕಂಪನಿಯ ಮದ್ರಾಸು ಅಧಿಪತ್ಯಕ್ಕೆಂದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಮ್ಯಾಥ್ಯೂ ಬೌಲ್ಟನ್ನನ ಸೋಹೋ ಟಂಕಸಾಲೆಯಲ್ಲಿ ಉಗಿಯಂತ್ರದಿಂದ ಒತ್ತಿದ ನಾಣ್ಯ. ಆದ್ದರಿಂದಲೇ ಅದು ಚಕ್ರದ ಹಾಗೆ ಗುಂಡಗಿತ್ತು.

ಈ ಕಾಸಿನ ಒಡಹುಟ್ಟಿದವುಗಳ ಕಥೆ ಸ್ವಾರಸ್ಯವಾಗಿದೆ. ಇವನ್ನು ಹೇರಿಕೊಂಡು ಹೊರಟ ಅಡ್ಮಿರಲ್ ಗಾರ್ಡನರ್ ಎಂಬ ಹಡಗು 1809ರ ಜನವರಿಯಲ್ಲಿ ಇಂಗ್ಲೆಂಡಿನ ಕರೆಯ ಗುಡ್ವಿನ್ ಮರಳದಿಬ್ಬಗಳಿಗೆ ಸಿಕ್ಕಿ ಒಡೆಯಿತು. 1980ರ ದಶಕದಲ್ಲಿ ಮುಳುಗುಗಾರರು ಲಕ್ಷಗಟ್ಟಲೆ ಕಾಸುಗಳನ್ನು ಮೇಲೆತ್ತಿದರು. ಪೀಪಾಯಿಗಳಲ್ಲಿ ಒತ್ತಾಗಿ ಅಂಟಿಕೊಂಡಿದ್ದ ಎಷ್ಟೋ ಕಾಸುಗಳ ಅಕ್ಷರಗಳು ಇನ್ನೂ ಚೂಪಾಗಿದ್ದುವು. ಒಂದು ದಿನವೂ ಯಾರ ಸೊಂಟದ ಚೀಲಕ್ಕೂ ಸೇರದ ಕಾಸುಗಳು! ಸಂಗ್ರಾಹಕರ ಶ್ರೇಣಿಯಲ್ಲಿ ಅಂಥದ್ದಕ್ಕೆ ಮೇಲಿನ ಸ್ಥಾನ. ಆ ಶ್ರೇಣಿಯ ಭಾಷೆಯೂ ವಿಚಿತ್ರ. ಅದರಲ್ಲಿ ‘ಗುಡ್’ ಎಂದರೆ ಚಿತ್ರದ ಹೊರಗೆರೆ ಮಾತ್ರ ಉಳಿದದ್ದು, ಹೆಚ್ಚುಕಡಿಮೆ ಕೆಟ್ಟದ್ದು. ‘ಫೈನ್’ ಎಂದರೆ ಸಾಧಾರಣ. ಕೌದಳ್ಳಿಯ ಕಾಸು ‘ಗುಡ್’.

ಬೆಲೆಯನ್ನು ನಾನು ಇದ್ದಂತೆಯೇ ಹೇಳಿದೆ. ಮೂರೂ ಅಪರೂಪದವಲ್ಲ. ಪೇಟೆಯಲ್ಲಿ ಒಂದೊಂದಕ್ಕೆ ಕೆಲವು ನೂರು ರೂಪಾಯಿ ದಾಟುವುದು ಕಷ್ಟ. ಬೆಳಗಿದವಕ್ಕೆ ಅದೂ ಅನುಮಾನ. ಹಳೆಯದೆಂಬ ಮಾತ್ರಕ್ಕೆ ಬೆಲೆ ಏರುವುದಿಲ್ಲ. ಎಷ್ಟು ಉಳಿದಿವೆ, ಯಾವ ಸ್ಥಿತಿಯಲ್ಲಿವೆ, ಬೇಕೆನ್ನುವವರು ಎಷ್ಟು ಮಂದಿ, ಇವೇ ಲೆಕ್ಕ. ಹಳೆಯ ನಾಣ್ಯ ಕೊಳ್ಳುವ ನೆಪದಲ್ಲಿ ತನ್ನ ಹೆಸರು ಹೇಳಿ ಶುಲ್ಕ, ತೆರಿಗೆ ಕೇಳುವವರನ್ನು ನಂಬಬೇಡಿರೆಂದು ರಿಸರ್ವ್ ಬ್ಯಾಂಕು 2021ರಲ್ಲಿಯೇ ಎಚ್ಚರಿಕೆ ಹೊರಡಿಸಿದೆ ಎಂದೂ ತಿಳಿಸಿದೆ. ಯಜಮಾನರು ಬಹಳ ಹೊತ್ತು ಮಾತಾಡಲಿಲ್ಲ. ಮೊಮ್ಮಗ ಮಾತ್ರ ನನ್ನನ್ನು ಸಂಶಯದಿಂದ ನೋಡಿದ. ಕಡಿಮೆ ಬೆಲೆ ಹೇಳಿ ತಾನೇ ಹೊಡೆದುಕೊಳ್ಳಲು ಬಂದವನೆಂದು ಅವನಿಗೆ ತೋರಿರಬೇಕು. ತಪ್ಪೇನಿಲ್ಲ, ಚಿನಿವಾರರ ಕಾಲದಿಂದಲೂ ನಡೆದು ಬಂದ ಸಂಶಯ ಅದು. ನಾನು ಕೊಳ್ಳುವುದಿಲ್ಲವೆಂದು ಮೊದಲೇ ಹೇಳಿಬಿಡಬೇಕಾಗಿತ್ತು.

ಮೂರು ಕಾಸುಗಳನ್ನೂ ಸಾಲಾಗಿಟ್ಟು ಅವನಿಗೆ ಇನ್ನೊಂದು ಸಂಗತಿ ಹೇಳಿದೆ. 1799ರಲ್ಲಿ ಟಿಪ್ಪು ಮಡಿದ ಮೇಲೆ ಕೊಳ್ಳೇಗಾಲದ ಸೀಮೆ ಕಂಪನಿಯ ಪಾಲಾಗಿ ಕೊಯಮತ್ತೂರು ಜಿಲ್ಲೆಗೆ ಸೇರಿತು. ಮತ್ತೆ ಮೈಸೂರಿಗೆ ಬಂದದ್ದು 1956ರಲ್ಲಿ. ಎಂದರೆ ಈ ಹೊಲದಲ್ಲಿ ಹಳೆಯ ದೊರೆಯ ಕಾಸು, ಹೊಸ ದೊರೆಯ ಕಾಸು, ಗಡಿಯಾಚೆಯ ಅರಸರ ಕಾಸು ಮೂರೂ ಬಿದ್ದಿವೆ. ಕಾಗದದ ಮೇಲೆ ಗಡಿ ಎಳೆದರೂ ಕಾಸು ಅದನ್ನು ದಾಟಿ ಬಂದಿದೆ, ಸಂತೆಗೋ ಜಾತ್ರೆಗೋ. ಮೂರು ಬೇರೆ ಬೇರೆ ಕೈಗೆ ಹೋದರೆ ಈ ಸಂಗತಿ ಹೋಯಿತು. ಚಿತ್ರದುರ್ಗದ ಚಂದ್ರವಳ್ಳಿಯ ಅಗೆತದಲ್ಲಿ ರೋಮಿನ ಚಕ್ರವರ್ತಿ ತಿಬೇರಿಯಸನ ಬೆಳ್ಳಿಯ ನಾಣ್ಯ ಸಿಕ್ಕಿತು. ಅಂಥ ನಾಣ್ಯ ಪೇಟೆಯಲ್ಲಿ ಬೇಕಾದಷ್ಟಿವೆ. ಆದರೆ ಅದು ಸಿಕ್ಕ ಮಣ್ಣಿನ ಪದರ ಗೊತ್ತಿದ್ದದ್ದರಿಂದ ಅಲ್ಲಿಯ ಮಡಕೆ ಚೂರುಗಳಿಗೂ ಸಾತವಾಹನರ ನಾಣ್ಯಗಳಿಗೂ ಕಾಲ ಹೇಳಲು ವಿದ್ವಾಂಸರಿಗೆ ಆಧಾರ ದೊರೆಯಿತು.

“ಹಾಗಾದ್ರೆ ಇನ್ನೂ ಅಗೀಲಾ?” ಎಂದ ಹುಡುಗ.

ಬೇಡವೆಂದೆ. ನೆಲದಲ್ಲಿ ಹುದುಗಿದ ನಿಧಿಯನ್ನು ಜಿಲ್ಲಾಧಿಕಾರಿಗೆ ತಿಳಿಸಬೇಕೆಂಬ ಕಾನೂನು 1878ರಿಂದಲೂ ಇದೆ. ನಮ್ಮ ರಾಜ್ಯದ ಕಾಯಿದೆ 1962ರದ್ದು. ಗುಡಿಯ ಆವರಣಕ್ಕಂತೂ ಯಂತ್ರವನ್ನು ಒಯ್ಯಲೇಬಾರದು. ಸಿಕ್ಕದ್ದನ್ನು ತಾಲ್ಲೂಕು ಕಚೇರಿಗೆ ಬರೆದು ತಿಳಿಸೆಂದು ಹೇಳಿ ಒಕ್ಕಣೆಯನ್ನು ಅಲ್ಲೇ ಬರೆದುಕೊಟ್ಟೆ.

ಹೊರಡುವಾಗ ಯಜಮಾನರು ಮೂರು ಕಾಸನ್ನೂ ಮೂರು ಕಾಗದದ ಪೊಟ್ಟಣಗಳಲ್ಲಿಡಿಸಿ, ಒಂದೊಂದರ ಮೇಲೂ ಹೊಲದ ಹೆಸರು, ಸಿಕ್ಕ ಮೂಲೆ, ಸಿಕ್ಕ ದಿನ ಬರೆಯೆಂದು ಮೊಮ್ಮಗನಿಗೆ ಹೇಳಿದರು. ಅವನು ಬರೆದ. ಸೊಸೆ ಒಳಗಿನಿಂದ ಕಾಫಿ ತಂದಿಟ್ಟು, ಹುಣಸೆಹಣ್ಣಿನ ವಿಷಯ ತಮಗೆ ಗೊತ್ತಿರಲಿಲ್ಲವೆಂದು ಮೆಲ್ಲಗೆ ಹೇಳಿದರು. ಕುರಿಗಳು ಹಟ್ಟಿಯಲ್ಲೇ ಇದ್ದುವು.