ಕುಮಟಾ ಹತ್ತಿಯ ದಾರಿಯಲ್ಲಿ ಗ್ರಾವೆಲ್ ಸೈಕಲ್

ಇವತ್ತಿನ ಸಂಚಿಕೆ ಸೈಕಲ್ ಬಗ್ಗೆ, ಆದ್ರೆ ಶುರು ಮಾಡೋದು ಹತ್ತಿಯಿಂದ.

19ನೇ ಶತಮಾನದ ಬಾಂಬೆ ಮಾರುಕಟ್ಟೆಯಲ್ಲಿ ‘ಕುಮಟಾ’ ಅನ್ನೋ ಹೆಸರಿನ ಹತ್ತಿ ಮಾರಾಟ ಆಗ್ತಿತ್ತು. ಇಂಗ್ಲಿಷರ ಬಾಯಲ್ಲಿ ಅದು ‘ಕುಂಪ್ಟಾ’. ಕುಮಟಾ ಕಡೆಯವರು ಯಾರಾದ್ರೂ ಕೇಳ್ತಿದ್ರೆ ಈಗ ನಗ್ತಿರ್ತೀರಿ. ಅಷ್ಟು ಮಳೆ ಬೀಳೋ ಊರಲ್ಲಿ ಹತ್ತಿ ಎಲ್ಲಿ ಬೆಳೀಬೇಕು? ಹತ್ತಿ ಬೆಳೀತಿದ್ದದ್ದು ಗಟ್ಟದ ಮೇಲೆ, ಧಾರವಾಡ, ಹುಬ್ಬಳ್ಳಿ, ಗದಗ ಕಡೆಯ ಎರೆಭೂಮಿಯಲ್ಲಿ. ಬಂಡಿ ಹತ್ತಿ, ಘಾಟಿ ಇಳಿದು, ಕುಮಟಾ ಬಂದರಿನಲ್ಲಿ ಹಾಯಿ ಹಡಗು ಏರಿ ಬಾಂಬೆಗೆ ಹೋಗ್ತಿತ್ತು. ಬೆಳೆದ ರೈತನ ಊರಿನ ಹೆಸರು ದಾರೀಲೇ ಕಳೆದುಹೋಯ್ತು, ಹಡಗು ಹತ್ತಿದ ಊರಿನ ಹೆಸರು ಉಳೀತು.

ನಾನು ಈ ಕಥೆಯ ಹಿಂದೆ ಬಿದ್ದದ್ದು ಗ್ರಾವೆಲ್ ಬೈಕ್ ಕಾರಣಕ್ಕೆ. ಗೊತ್ತಿಲ್ಲದವರಿಗೆ ಒಂದು ಮಾತು: ನೋಡೋಕೆ ರೇಸ್ ಸೈಕಲ್ ಥರಾನೇ, ಬಾಗಿದ ಹ್ಯಾಂಡಲ್. ಆದ್ರೆ ಟೈರು ದಪ್ಪ, 40 ಮಿಲಿಮೀಟರ್ ಆಸುಪಾಸು. ಜಲ್ಲಿ, ಕೆಮ್ಮಣ್ಣು, ಕಿತ್ತುಹೋದ ಡಾಂಬರು ಎಲ್ಲದಕ್ಕೂ ನಡೆಯುತ್ತೆ. ಅಮೆರಿಕದ ಕ್ಯಾನ್ಸಸ್‌ನಲ್ಲಿ 2006ರಲ್ಲಿ ಶುರುವಾದ ಒಂದು ಮಣ್ಣುರಸ್ತೆ ರೇಸಿನಂಥವು ಇದನ್ನ ಫ್ಯಾಷನ್ ಮಾಡಿದವು. ನಮ್ಮ ಉತ್ತರ ಕನ್ನಡ ಜಿಲ್ಲೆಗೆ ಈ ಸೈಕಲ್ ಹೇಳಿ ಮಾಡಿಸಿದ ಹಾಗಿದೆ. ಒಂದೇ ದಿನದಲ್ಲಿ ಸಮುದ್ರ, ಗಜನಿ ಗದ್ದೆ, ಹೊಳೆ, ದಟ್ಟ ಕಾಡು, ಅಡಿಕೆ ತೋಟ ಎಲ್ಲಾ ದಾಟಬಹುದು. ರೀಲ್ಸ್‌ನಲ್ಲಿ ಈ ದಾರಿಗಳನ್ನ ‘ಯಾರೂ ಮುಟ್ಟದ ಕಾಡು’ ಅಂತ ತೋರಿಸ್ತಾರೆ. ನನಗೆ ಆ ಮಾತು ಕೇಳಿದ್ರೆ ಸ್ವಲ್ಪ ಸಿಟ್ಟೇ ಬರುತ್ತೆ. ಈ ದಾರಿಗಳಷ್ಟು ಜನ ತುಳಿದ ದಾರಿ ಕರ್ನಾಟಕದಲ್ಲಿ ಕಡಿಮೆ.

ಕುಮಟಾದಿಂದ ಶಿರಸಿಗೆ ಸುಮಾರು 60 ಕಿಲೋಮೀಟರ್. ಸಮುದ್ರ ಮಟ್ಟದಿಂದ ಸುಮಾರು 600 ಮೀಟರ್ ಎತ್ತರಕ್ಕೆ ಹೋಗಬೇಕು, ನಡುವೆ ದೇವಿಮನೆ ಘಾಟಿ. ಬಂಡಿರಸ್ತೆ ಬರೋಕ್ಕಿಂತ ಮೊದಲು ಇಂಥ ಘಾಟಿಗಳಲ್ಲಿ ಓಡಾಡ್ತಿದ್ದದ್ದು ಹೇರೆತ್ತುಗಳು. ಲಂಬಾಣಿಗಳು ನೂರಾರು ಎತ್ತುಗಳ ಬೆನ್ನಮೇಲೆ ಧಾನ್ಯ ಹೇರಿಕೊಂಡು ಇಳೀತಿದ್ರು, ಉಪ್ಪು ಹೇರಿಕೊಂಡು ಹತ್ತುತಿದ್ರು. ಗೋಕರ್ಣದ ಹತ್ತಿರ ಸಾಣಿಕಟ್ಟಾದಲ್ಲಿ ಇವತ್ತಿಗೂ ಉಪ್ಪಿನ ಆಗರಗಳಿವೆ, ಬೇಸಿಗೆಯಲ್ಲಿ ಹೋದ್ರೆ ಬಿಳಿ ರಾಶಿಗಳ ಪಕ್ಕದಲ್ಲೇ ಸೈಕಲ್ ಹೊಡೀಬಹುದು.

ಇಲ್ಲಿ ಒಂದು ಸೂಕ್ಷ್ಮ ಇದೆ, ಸೈಕಲ್ ತುಳಿಯೋರಿಗೆ ಅದು ತೊಡೆಯಲ್ಲೇ ಗೊತ್ತಾಗುತ್ತೆ. ಹೇರೆತ್ತು ಕಡಿದಾದ ಏರನ್ನೂ ಹತ್ತುತ್ತೆ, ಹಾಗಾಗಿ ಹಳೇ ಕಾಲುದಾರಿಗಳು ನೇರವಾಗಿ ಗುಡ್ಡಕ್ಕೆ ನುಗ್ಗುತ್ವೆ. ಹತ್ತಿ ಹೇರಿದ ಬಂಡಿಗೆ ಅದು ಆಗಲ್ಲ. ಹತ್ತೋವಾಗ ಎತ್ತು ಸೋಲುತ್ತೆ, ಇಳಿಯೋವಾಗ ಬಂಡಿ ಎತ್ತನ್ನೇ ತಳ್ಳಿಕೊಂಡು ಹೋಗುತ್ತೆ. ಅದಕ್ಕೇ ಬಂಡಿರಸ್ತೆ ಗುಡ್ಡದ ಮೈಯನ್ನ ಬಳಸಿ ಬಳಸಿ, ತಿರುವು ತಿರುವಾಗಿ ಏರುತ್ತೆ. ನೀವು ಹಗುರ ಗೇರಿನಲ್ಲಿ ಒಂದೇ ಲಯದಲ್ಲಿ ಗಂಟೆಗಟ್ಟಲೆ ಹತ್ತಬಹುದಾದ ಘಾಟಿ ಸಿಕ್ಕರೆ, ಆ ಏರನ್ನ ಅಳೆದದ್ದು ಎತ್ತಿನ ಕಾಲಿಗೆ ಅಂದ್ಕೊಳ್ಳಿ.

ಈಗ ಲಂಕಾಶೈರ್‌ಗೆ ಹೋಗೋಣ. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಯ್ತು. ದಕ್ಷಿಣದ ಗುಲಾಮರು ಬೆಳೆದ ಹತ್ತಿ ಇಂಗ್ಲೆಂಡಿಗೆ ಬರೋದು ನಿಂತುಹೋಯ್ತು. ಗಿರಣಿಗಳು ಮುಚ್ಚಿದವು, ಕಾರ್ಮಿಕರು ಉಪವಾಸ ಬಿದ್ದರು. ಮ್ಯಾಂಚೆಸ್ಟರಿನ ವ್ಯಾಪಾರಿಗಳ ಕಣ್ಣು ಧಾರವಾಡದ ಹತ್ತಿಯ ಮೇಲೆ ಬಿತ್ತು. ಕುಮಟಾದಲ್ಲಿ ಹಡಗುಗಳಿಗೆ ಸರಿಯಾದ ಆಸರೆ ಇಲ್ಲ, ಕಾರವಾರದಲ್ಲಿ ಒಳ್ಳೇ ಕೊಲ್ಲಿ ಇದೆ. ಆದ್ರೆ ಹತ್ತಿ ಬೆಳೆಯೋ ಧಾರವಾಡ ಬಾಂಬೆ ಪ್ರಾಂತ್ಯದಲ್ಲಿ, ಹಡಗು ನಿಲ್ಲೋ ಕಾರವಾರ ಮದ್ರಾಸ್ ಪ್ರಾಂತ್ಯದಲ್ಲಿ. ಮದ್ರಾಸಿನವರು ಬಾಂಬೆಯ ಹತ್ತಿಗೋಸ್ಕರ ಯಾಕೆ ರಸ್ತೆ ಮಾಡ್ತಾರೆ? ಇದಕ್ಕೆ ಉತ್ತರವಾಗಿ 1862ರಲ್ಲಿ ಉತ್ತರ ಕೆನರಾವನ್ನ, ಕುಂದಾಪುರ ತಾಲ್ಲೂಕು ಬಿಟ್ಟು, ಬಾಂಬೆ ಪ್ರಾಂತ್ಯಕ್ಕೆ ಸೇರಿಸಿಬಿಟ್ಟರು. ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ 1956ರವರೆಗೆ ಬಾಂಬೆ ಜೊತೆ ಇದ್ದದ್ದು, ಕುಂದಾಪುರ, ಉಡುಪಿ, ಮಂಗಳೂರು ಮದ್ರಾಸ್ ಜೊತೆ ಉಳಿದದ್ದು ಹೀಗೆ. ಇಲ್ಲಿನ ಜನ ನಮ್ಮನ್ನ ಬೇರೆ ಮಾಡಿ ಅಂತ ಕೇಳಿರಲಿಲ್ಲ.

ಮುಂದೆ ಆದದ್ದು ನೋಡಿ. ಮ್ಯಾಂಚೆಸ್ಟರ್ ಕಾಟನ್ ಕಂಪನಿ ಅಂತ ಒಂದು ಹುಟ್ಟಿ, ತನ್ನ ಯಂತ್ರಗಳನ್ನ ಈ ಕರಾವಳಿಗೆ ತಂದಿಳಿಸೋ ಹೊತ್ತಿಗೆ ಮೇಲಕ್ಕೆ ಸಾಗಿಸೋ ರಸ್ತೆಯೇ ಮುಗಿದಿರಲಿಲ್ಲ. ಕೆಲವೇ ವರ್ಷದಲ್ಲಿ ಕಂಪನಿ ಬಾಗಿಲು ಹಾಕ್ತು. 1865ರಲ್ಲಿ ಅಮೆರಿಕದ ಯುದ್ಧ ಮುಗೀತು, ಹತ್ತಿಯ ಬೆಲೆ ನೆಲಕಚ್ಚಿತು. ಯಲ್ಲಾಪುರದಿಂದ ಕೈಗಾ, ಅರಬೈಲ್ ಘಾಟಿಗಳಲ್ಲಿ ಬಂಡಿರಸ್ತೆ ಆಗಿದ್ದು ಈ ಒತ್ತಡದಿಂದಲೇ, ಆದ್ರೆ ಕಾರವಾರ ಇನ್ನೊಂದು ಬಾಂಬೆ ಆಗಲೇ ಇಲ್ಲ. 1880ರ ದಶಕದ ಕೊನೆಗೆ ಮುರಗಾಂವಿನಿಂದ ಕ್ಯಾಸಲ್‌ರಾಕ್ ಮೂಲಕ ರೈಲು ಬಂದಾಗ ಹುಬ್ಬಳ್ಳಿಯ ಸರಕು ಗೋವಾದ ಕಡೆ ತಿರುಗಿತು. ಕುಮಟಾ, ಕಾರವಾರ ಎರಡೂ ಸೊರಗಿದವು. ಹುಬ್ಬಳ್ಳಿಯಿಂದ ಈ ಕರಾವಳಿಗೆ ನೇರ ರೈಲು ಇವತ್ತಿಗೂ ಬಂದಿಲ್ಲ. ಹುಬ್ಬಳ್ಳಿ-ಅಂಕೋಲಾ ಮಾರ್ಗ ಕಾಡಿನ ಪ್ರಶ್ನೆಯಲ್ಲಿ ದಶಕಗಳಿಂದ ಸಿಕ್ಕಿಕೊಂಡಿದೆ.

ಇದರ ನಡುವೆ 1883ರಲ್ಲಿ ರವೀಂದ್ರನಾಥ ಟಾಗೋರ್ ಕಾರವಾರಕ್ಕೆ ಬಂದಿದ್ರು, ಅಣ್ಣ ಸತ್ಯೇಂದ್ರನಾಥ ಇಲ್ಲಿ ನ್ಯಾಯಾಧೀಶರು. ಕಾಳಿ ನದಿಯ ಮೇಲೆ ದೋಣಿಯಲ್ಲಿ ಹೋದ ಬೆಳದಿಂಗಳ ರಾತ್ರಿಯನ್ನ ಅವರು ಮರೆಯಲಿಲ್ಲ. ಆ ಕಾಳಿಗೆ ಈಗ ಸೂಪಾದಿಂದ ಕದ್ರಾವರೆಗೆ ಸಾಲು ಅಣೆಕಟ್ಟು, ಸೂಪಾ ಊರೇ ನೀರೊಳಗೆ.

ಬಂಡಿರಸ್ತೆಯಲ್ಲಿ ಕೆಳಗೆ ಬಂದದ್ದು ಹತ್ತಿ ಮಾತ್ರ ಅಲ್ಲ, ಸಾಗುವಾನಿಯೂ ಬಂತು. ಮೇಲಕ್ಕೆ ಹೋದದ್ದು ಅರಣ್ಯ ಇಲಾಖೆ. ಕುಮ್ರಿ ಬೇಸಾಯಕ್ಕೆ, ಅಂದ್ರೆ ಕಾಡು ಸವರಿ ಸುಟ್ಟು ರಾಗಿ ಬೆಳೆಯೋದಕ್ಕೆ, ಕಡಿವಾಣ ಬಿತ್ತು. 1878ರ ಅರಣ್ಯ ಕಾಯ್ದೆ ಬಂದ ಮೇಲೆ ಸೊಪ್ಪು, ಸೌದೆ, ಮೇವು ಎಲ್ಲದಕ್ಕೂ ಗೆರೆ. ಅಡಿಕೆ ತೋಟದವರಿಗೆ ಸೊಪ್ಪಿನ ಬೆಟ್ಟ ಸಿಕ್ತು, ಕುಣಬಿ, ಗೌಳಿ, ಸಿದ್ದಿ ಜನರಿಗೆ ಅಂಥದ್ದು ಸಿಗಲಿಲ್ಲ. 1930ರ ಏಪ್ರಿಲ್ 13ರಂದು ಅಂಕೋಲಾದಲ್ಲಿ ಉಪ್ಪಿನ ಸತ್ಯಾಗ್ರಹ ನಡೀತು. ಆಮೇಲಿನ ಕರನಿರಾಕರಣೆಯಲ್ಲಿ ಅಂಕೋಲಾ, ಸಿದ್ದಾಪುರದ ರೈತರು ಜಮೀನನ್ನೇ ಕಳ್ಕೊಂಡ್ರು. 1983ರ ಸೆಪ್ಟೆಂಬರ್‌ನಲ್ಲಿ ಶಿರಸಿ ಹತ್ತಿರದ ಜನ ಮರಗಳನ್ನ ಅಪ್ಪಿ ನಿಂತದ್ದು, ಅಪ್ಪಿಕೋ ಚಳವಳಿ, ಇದೇ ನೆಲದಲ್ಲಿ.

ಹಾಗಾದ್ರೆ ಇವತ್ತು ಎಲ್ಲಿ ತುಳೀಬೇಕು? ದೇವಿಮನೆ ಈಗ ಅಗಲವಾಗ್ತಿರೋ ಹೆದ್ದಾರಿ, ಅಲ್ಲಿ ಲಾರಿಗಳ ನಡುವೆ ಸುಖ ಇಲ್ಲ. ನನಗೆ ಇಷ್ಟ ಪಕ್ಕದ ಸಣ್ಣ ಘಾಟಿಗಳು: ನಿಲ್ಕುಂದ, ದೊಡ್ಮನೆ, ಯಾಣದ ಹತ್ತಿರದ ವಡ್ಡಿ. ಕೆಲವು ಕಡೆ ಡಾಂಬರು, ಕೆಲವು ಕಡೆ ಡಾಂಬರಿನ ನೆನಪು ಮಾತ್ರ. ಮಳೆ ನಿಂತ ಮೇಲೆ ಹೋಗಿ. ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಒಳದಾರಿಗೆ ಅನುಮತಿ ಇಲ್ಲದೆ ಇಳೀಬೇಡಿ. ಸಣ್ಣ ಊರುಗಳಲ್ಲಿ ನಿಲ್ಲಿಸಿ, ನೀರು ಕೇಳಿ, ಮಾತಾಡಿ.

ಹೆದ್ದಾರಿ ಅಗಲ ಆಗೋದರ ಬೆಲೆ ಏನು ಅಂತ ನಾವು 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ನೋಡಿದ್ವಿ. ಗುಡ್ಡ ಕುಸಿದು ರಸ್ತೆ ಬದಿಯ ಚಹಾದ ಅಂಗಡಿ, ನಿಂತಿದ್ದ ಲಾರಿ, ಜನ, ಎಲ್ಲಾ ಗಂಗಾವಳಿ ನದಿಗೆ ಹೋಯ್ತು. ಗುಡ್ಡದ ಬುಡ ಕಡಿದದ್ದೇ ಕಾರಣ ಅನ್ನೋ ಆರೋಪ ಆಗಲೇ ಬಂತು. ಗುಡ್ಡವನ್ನ ಬಳಸಿ ಹೋಗೋ ರಸ್ತೆಗೆ ಸಮಯ ಜಾಸ್ತಿ ಬೇಕು, ನಿಜ. ನೇರ ಕಡಿಯೋ ರಸ್ತೆಗೆ ಏನು ಬೇಕು ಅಂತ ಟೆಂಡರ್‌ನಲ್ಲಿ ಬರೆದಿರಲ್ಲ.

ವಾಪಸ್ ಇಳಿದ ಮೇಲೆ ಅಘನಾಶಿನಿ ಊರಿಗೆ ಹೋಗಿ. ಶಿರಸಿಯಲ್ಲಿ ಹುಟ್ಟೋ ಈ ಹೊಳೆಗೆ ದೊಡ್ಡ ಅಣೆಕಟ್ಟು ಒಂದೂ ಇಲ್ಲ. ಅಳಿವೆಯಲ್ಲಿ ಉಷ್ಣಸ್ಥಾವರ, ಬಂದರು ಅಂತ ಯೋಜನೆಗಳು ಬಂದವು, ಜನ ವಿರೋಧಿಸಿದ್ರು. 2024ರ ಜನವರಿಯಲ್ಲಿ ಅಳಿವೆಗೆ ರಾಮ್ಸರ್ ಪಟ್ಟ ಸಿಕ್ತು. ಇಳಿತದ ಹೊತ್ತಿಗೆ ಹೆಂಗಸರು ಮೊಣಕಾಲುದ್ದದ ನೀರಲ್ಲಿ ಬಳಚು ಹೆಕ್ಕುತಿರ್ತಾರೆ. ಆಚೆ ದಡ ತದಡಿಗೆ ದೋಣಿ ಇದೆ, ಸೈಕಲ್ ಹಾಕ್ಕೋತಾರೆ. ಅಲ್ಲಿಂದ ಗೋಕರ್ಣ ಹತ್ತಿರ.