ಭಾಗವತರು ಬದಲಾದರೆ ಮೇಳ ಬದಲಾಗುತ್ತದೆಯೆ?

2007ರ ಮಾರ್ಚ್ 17ರ ಸಂಜೆ ಬೆಂಗಳೂರಿನ ಅರಮನೆ ಮೈದಾನ ಕಪ್ಪು ಅಂಗಿ ತೊಟ್ಟ ಯುವಕರಿಂದ ತುಂಬಿಹೋಗಿತ್ತು. ಅಂದು ವೇದಿಕೆಯೇರಿದ್ದು ಇಂಗ್ಲೆಂಡಿನ ಐರನ್ ಮೇಡನ್ ತಂಡ. ಬಾಸ್ ಗಿಟಾರ್ ವಾದಕ ಸ್ಟೀವ್ ಹ್ಯಾರಿಸ್ ಈ ತಂಡವನ್ನು ಕಟ್ಟಿದ್ದು 1975ರಲ್ಲಿ. ಆದರೆ ಅಂದು ಹಾಡಿದ ಬ್ರೂಸ್ ಡಿಕಿನ್ಸನ್ ತಂಡಕ್ಕೆ ಬಂದದ್ದು 1981ರಲ್ಲಿ. ಅವರಿಗಿಂತ ಮೊದಲು ಬೇರೆಯವರು ಹಾಡುತ್ತಿದ್ದರು. 1993ರಲ್ಲಿ ಅವರು ತಂಡ ಬಿಟ್ಟಾಗ ಮತ್ತೊಬ್ಬರು ಬಂದರು. 1999ರಲ್ಲಿ ಅವರೇ ಮರಳಿದರು. ಇಷ್ಟು ಕಂಠಗಳು ಬದಲಾದರೂ ತಂಡದ ಹೆಸರು ಅದೇ.

ಹಾಡುಗಾರ ಬದಲಾದ ಮೇಲೂ ತಂಡ ಅದೇ ತಂಡವೆ? ರಾಕ್ ಸಂಗೀತದ ಅಭಿಮಾನಿಗಳು ಬಹುಕಾಲದಿಂದ ಚರ್ಚಿಸುತ್ತಿರುವ ಪ್ರಶ್ನೆ ಇದು. ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಯ ಕಚೇರಿಗಳಲ್ಲಿ ದುಡಿಯುವ ತರುಣರಿಗೆ ಇದು ವಿದೇಶದಿಂದ ಬಂದ ಪ್ರಶ್ನೆಯಂತೆ ಕಾಣಬಹುದು. ಆದರೆ ಕರಾವಳಿಯಿಂದ ಬಂದು ಪೀಣ್ಯದ ಕಾರ್ಖಾನೆಗಳ ಸುತ್ತ ನೆಲೆಸಿದವರಿಗೆ ಇದು ಮನೆಯ ಪ್ರಶ್ನೆ. ಮಳೆಗಾಲದಲ್ಲಿ ಊರಿನ ಕಲಾವಿದರು ರಾಜಧಾನಿಗೆ ಬಂದು ಆಟ ಆಡುವಾಗ ಇವರು ಮೊದಲು ಕೇಳುವುದು ಒಂದೇ ಮಾತು: 'ಭಾಗವತರು ಯಾರು?'

ಮೊದಲ ವೇಷಧಾರಿ

ಯಕ್ಷಗಾನದಲ್ಲಿ ಭಾಗವತರೆಂದರೆ ಬರಿಯ ಹಾಡುಗಾರರಲ್ಲ. ವೇಷ ಕಟ್ಟದಿದ್ದರೂ ಅವರನ್ನು 'ಮೊದಲ ವೇಷಧಾರಿ' ಎಂದೇ ಕರೆಯುವುದುಂಟು. ತೆಂಕಿನಲ್ಲಿ ಜಾಗಟೆ, ಬಡಗಿನಲ್ಲಿ ತಾಳ ಹಿಡಿದು ಕುಳಿತ ಅವರ ಕೈಯಲ್ಲಿ ಇಡೀ ಆಟದ ಕಡಿವಾಣ ಇರುತ್ತದೆ. ಯಾವ ಪದ್ಯ ಎತ್ತಬೇಕು, ಯಾವುದನ್ನು ಬಿಡಬೇಕು, ಕುಣಿತಕ್ಕೆ ಎಷ್ಟು ಅವಕಾಶ ಕೊಡಬೇಕು, ಮಾತು ಉದ್ದವಾದಾಗ ಎಲ್ಲಿ ತಡೆಯಬೇಕು ಎಂಬುದನ್ನೆಲ್ಲ ಅವರೇ ನಿರ್ಧರಿಸುತ್ತಾರೆ. ಪ್ರಸಂಗದ ಪುಸ್ತಕದಲ್ಲಿ ಇರುವುದು ಪದ್ಯಗಳು ಮಾತ್ರ. ಮಾತುಗಳನ್ನು ಕಲಾವಿದರು ರಂಗದಲ್ಲೇ ಹುಟ್ಟಿಸಿಕೊಳ್ಳಬೇಕು. ಆದ್ದರಿಂದ ಭಾಗವತರು ಗಾಯಕರೂ ಹೌದು, ನಿರ್ದೇಶಕರೂ ಹೌದು.

ರಾಕ್ ತಂಡಕ್ಕೂ ಮೇಳಕ್ಕೂ ಇರುವ ಮುಖ್ಯ ವ್ಯತ್ಯಾಸ ಇಲ್ಲಿದೆ. ಐರನ್ ಮೇಡನ್‌ನ ಹಾಡುಗಾರ ಹೋದಾಗ ತಂಡ ಕಟ್ಟಿದ ಹ್ಯಾರಿಸ್ ಉಳಿದಿದ್ದರು. ಮೇಳದಲ್ಲಿ ಭಾಗವತರು ಹೋದರೆ ರಂಗದ ಯಜಮಾನರೇ ಹೋದಂತೆ. ಹಾಗಿದ್ದರೂ ಮೇಳಗಳು ತಲೆಮಾರುಗಳ ಕಾಲ ಉಳಿದುಬಂದದ್ದು ಹೇಗೆ?

ನಾವಡರ ನಂತರ

ಈ ಪ್ರಶ್ನೆ ಅತ್ಯಂತ ನೋವಿನಿಂದ ಎದುರಾದದ್ದು 1990ರಲ್ಲಿ. ಆ ವರ್ಷದ ಮೇ 27ರಂದು ಬಡಗುತಿಟ್ಟಿನ ಭಾಗವತ ಗುಂಡ್ಮಿ ಕಾಳಿಂಗ ನಾವಡರು ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಅವರಿಗಿನ್ನೂ 32 ತುಂಬಿರಲಿಲ್ಲ. ಅವರ ತಂದೆ ರಾಮಚಂದ್ರ ನಾವಡರೂ ಭಾಗವತರು. ಗುರು ನಾರಣಪ್ಪ ಉಪ್ಪೂರರು ಸಾಂಪ್ರದಾಯಿಕ ಹಾಡುಗಾರಿಕೆಗೆ ಹೆಸರಾದವರು. ಇಂಥ ಪರಂಪರೆಯಿಂದ ಬಂದ ನಾವಡರು ಸಾಲಿಗ್ರಾಮ ಮೇಳದ ಭಾಗವತರಾಗಿ, ಯಕ್ಷಗಾನಕ್ಕೆ ಹೊಸದೆನಿಸಿದ ರಾಗಗಳನ್ನು ರಂಗಕ್ಕೆ ತಂದರು. 'ನಾಗಶ್ರೀ'ಯಂಥ ಪ್ರಸಂಗಗಳನ್ನು ತಾವೇ ಬರೆದರು. ಡೇರೆಯ ಆಟಕ್ಕೆ ಜನ ಟಿಕೆಟ್ ಕೊಂಡು ಬರುತ್ತಿದ್ದುದು ಅವರ ಕಂಠಕ್ಕಾಗಿ ಎಂದರೆ ಅತಿಶಯೋಕ್ತಿಯಲ್ಲ.

ಅವರನ್ನು ಮೆಚ್ಚಿದವರಷ್ಟೇ ಟೀಕಿಸಿದವರೂ ಇದ್ದರು. ಹಾಡು ಇಂಪಾದಷ್ಟೂ ಯಕ್ಷಗಾನದ ಗಂಡುದನಿ ಕಳೆದುಹೋಗುತ್ತದೆ ಎಂಬುದು ಹಳಬರ ಆತಂಕವಾಗಿತ್ತು. ಆದರೆ ನಾವಡರು ಹೋದ ಮೇಲೆ ವಿಚಿತ್ರವೊಂದು ನಡೆಯಿತು. ಅವರು ತಂದ ಹೊಸತನವೇ ಮುಂದಿನವರಿಗೆ ಮಾದರಿಯಾಯಿತು. ಅವರಂತೆಯೇ ಹಾಡಬೇಕೆಂಬ ಹಂಬಲ ಎಳೆಯ ಭಾಗವತರಲ್ಲಿ ಬೆಳೆಯಿತು. ಒಂದು ಕಾಲಕ್ಕೆ ಸಂಪ್ರದಾಯ ಮುರಿದವರೆಂದು ಆಕ್ಷೇಪಕ್ಕೆ ಗುರಿಯಾದವರು ತಾವೇ ಒಂದು ಸಂಪ್ರದಾಯವಾದರು.

ಹಾಗೆಂದು ಎಲ್ಲರೂ ನಕಲು ಮಾಡಲಿಲ್ಲ. ಗೋಕರ್ಣದ ಕಡೆಯ ಸುಬ್ರಹ್ಮಣ್ಯ ಧಾರೇಶ್ವರರು ಪೆರ್ಡೂರು ಮೇಳದಲ್ಲಿ ಎರಡು ದಶಕಕ್ಕೂ ಹೆಚ್ಚು ಕಾಲ ಹಾಡಿ ತಮ್ಮದೇ ಆದ ಕೇಳುಗ ವರ್ಗವನ್ನು ಗಳಿಸಿದರು. 2024ರ ಏಪ್ರಿಲ್‌ನಲ್ಲಿ ಅವರು ತೀರಿಕೊಂಡಾಗ, ಅವರ ಸ್ಥಾನ ತುಂಬುವವರು ಯಾರೆಂಬ ಮಾತು ಮತ್ತೆ ಕೇಳಿಬಂತು. ನಾವಡರನ್ನು ಕಳೆದುಕೊಂಡ ಸಾಲಿಗ್ರಾಮ ಮೇಳವೂ ತಿರುಗಾಟ ನಿಲ್ಲಿಸಲಿಲ್ಲ.

ಪಕ್ಕದಲ್ಲೇ ಉತ್ತರಾಧಿಕಾರಿ

ಮೇಳಗಳ ಬಾಳಿಕೆಯ ಗುಟ್ಟು ಅವುಗಳ ರಾತ್ರಿಯ ಕ್ರಮದಲ್ಲೇ ಇದೆ. ಇಡೀ ರಾತ್ರಿಯ ಆಟವನ್ನು ಒಬ್ಬರೇ ಹಾಡುವುದಿಲ್ಲ. ಪೂರ್ವರಂಗವನ್ನು ಹಾಡುವವರು ಕಲಿಕೆಯ ಹಂತದಲ್ಲಿರುವ ಕಿರಿಯರು. ಅವರನ್ನು 'ಸಂಗೀತಗಾರ' ಎನ್ನುತ್ತಾರೆ. ನಂತರದ ಭಾಗಕ್ಕೆ ಸಹಭಾಗವತರು, ಮುಖ್ಯ ಸನ್ನಿವೇಶಗಳಿಗೆ ಪ್ರಧಾನ ಭಾಗವತರು. ಹೀಗೆ ಉತ್ತರಾಧಿಕಾರಿ ಪ್ರತಿ ರಾತ್ರಿ ಅದೇ ರಂಗದಲ್ಲಿ ಬೆಳೆಯುತ್ತಿರುತ್ತಾನೆ. ಪ್ರೇಕ್ಷಕರ ಕಿವಿಯೂ ಅವನ ದನಿಗೆ ಹೊಂದಿಕೊಳ್ಳುತ್ತಿರುತ್ತದೆ.

ರಾಕ್ ತಂಡಗಳಿಗೆ ಈ ಅನುಕೂಲವಿಲ್ಲ. ಆಸ್ಟ್ರೇಲಿಯಾದ ಎಸಿ/ಡಿಸಿ ತಂಡದ ಬಾನ್ ಸ್ಕಾಟ್ 1980ರ ಫೆಬ್ರುವರಿಯಲ್ಲಿ ಸತ್ತಾಗ, ತಂಡದವರು ಹೊರಗಿನಿಂದ ಬ್ರಯಾನ್ ಜಾನ್ಸನ್ ಅವರನ್ನು ಕರೆತಂದರು. ಅದೇ ಜುಲೈನಲ್ಲಿ ಹೊರಬಂದ 'ಬ್ಯಾಕ್ ಇನ್ ಬ್ಲ್ಯಾಕ್' ಸಂಗ್ರಹದ ಹೊದಿಕೆಯನ್ನು ಅಗಲಿದ ಗೆಳೆಯನ ಶೋಕಕ್ಕಾಗಿ ಕಪ್ಪಾಗಿಸಿದ್ದರು. ಜಾನ್ಸನ್ ಹಳಬರನ್ನು ಅನುಕರಿಸದೆ ತಮ್ಮ ದನಿಯಲ್ಲೇ ಹಾಡಿದರು, ತಂಡ ಗೆದ್ದಿತು. ಅಮೆರಿಕದ ಜರ್ನಿ ತಂಡದ್ದು ಬೇರೆ ದಾರಿ. 2007ರಲ್ಲಿ ಅದು ಫಿಲಿಪ್ಪೀನ್ಸ್‌ನ ಆರ್ನೆಲ್ ಪಿನೆಡಾ ಅವರನ್ನು ಆರಿಸಿಕೊಂಡಿತು. ಹಳೆಯ ಹಾಡುಗಳನ್ನು ಅವರು ಹಾಡುತ್ತಿದ್ದುದನ್ನು ತಂಡದ ಗಿಟಾರ್ ವಾದಕರು ಯೂಟ್ಯೂಬ್‌ನಲ್ಲಿ ಕಂಡಿದ್ದರು. ಒಂದು ತಂಡ ಹೊಸ ದನಿಯನ್ನು ಹುಡುಕಿತು, ಇನ್ನೊಂದು ಹಳೆಯ ದನಿಯ ನೆನಪನ್ನು ಹುಡುಕಿತು. ನಾವಡರ ನಂತರದ ಬಡಗುತಿಟ್ಟಿನಲ್ಲಿ ಈ ಎರಡು ದಾರಿಗಳೂ ಕಾಣಸಿಗುತ್ತವೆ.

ಮನೆತನ, ಮಂಡಳಿ, ದೇವರು

ತೆಂಕುತಿಟ್ಟಿನಲ್ಲಿ ಉತ್ತರಾಧಿಕಾರಕ್ಕೆ ಮನೆತನದ ಆಸರೆಯೂ ಇದೆ. ಕಾಸರಗೋಡು ಕಡೆಯ ಪಡ್ರೆಯಲ್ಲಿ 1938ರಲ್ಲಿ ಹುಟ್ಟಿದ ಬಲಿಪ ನಾರಾಯಣ ಭಾಗವತರು ಕಲಿತದ್ದು ಅದೇ ಹೆಸರಿನ ತಮ್ಮ ಅಜ್ಜನಿಂದ. ಕಟೀಲು ಮೇಳದಲ್ಲಿ ದಶಕಗಳ ಕಾಲ ಹಾಡಿದ ಅವರ ಗಾಯನ 'ಬಲಿಪ ಶೈಲಿ' ಎಂದೇ ಪ್ರಸಿದ್ಧ. ಮಗ ಪ್ರಸಾದ ಬಲಿಪರೂ ಭಾಗವತರಾದರು. ಆದರೆ 2022ರಲ್ಲಿ ಮಗ ಅಕಾಲದಲ್ಲಿ ತೀರಿಕೊಂಡರು. ಮರುವರ್ಷ ತಂದೆಯೂ ಅಗಲಿದರು. ಮನೆತನವೊಂದನ್ನೇ ನೆಚ್ಚಿಕೊಂಡ ಶೈಲಿಗೆ ಇರುವ ಅಪಾಯವೂ ಇಲ್ಲಿಯೇ ಕಾಣುತ್ತದೆ.

ಹೊನ್ನಾವರದ ಕಡೆಯ ಕೆರೆಮನೆಯಲ್ಲಿ ಇದರ ಇನ್ನೊಂದು ಮುಖವಿದೆ. ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಇಡಗುಂಜಿ ಮೇಳವನ್ನು ಮುಂದೆ ಶಂಭು ಹೆಗಡೆ, ಆಮೇಲೆ ಶಿವಾನಂದ ಹೆಗಡೆ ನಡೆಸಿದರು. ಇಲ್ಲಿ ತಲೆಮಾರಿನಿಂದ ತಲೆಮಾರಿಗೆ ಬದಲಾದವರು ವೇಷಧಾರಿಗಳು. ಅವರ ಹಿಂದೆ ದೀರ್ಘಕಾಲ ಕುಳಿತು ಹಾಡಿದವರು 2019ರಲ್ಲಿ ನಿಧನರಾದ ನೆಬ್ಬೂರು ನಾರಾಯಣ ಭಾಗವತರು. ತಂಡದ ನೆನಪು ಕೆಲವೊಮ್ಮೆ ಹಾಡುಗಾರನಲ್ಲೇ ಉಳಿಯುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಕಿಲ್ಲ.

ಮೇಳದ ಆರ್ಥಿಕ ವ್ಯವಸ್ಥೆಯೂ ಮುಖ್ಯ. ಕಟೀಲಿನಂಥ ಹರಕೆ ಮೇಳಗಳಲ್ಲಿ ಆಟ ಆಡಿಸುವ ಭಕ್ತರಿಗೆ ಅದು ದೇವಿಯ ಸೇವೆ. ಭಾಗವತರು ಯಾರಾದರೂ ಹರಕೆ ಸಲ್ಲುತ್ತದೆ. ಟಿಕೆಟ್ಟಿನ ಡೇರೆ ಮೇಳಕ್ಕೆ ಆ ರಕ್ಷಣೆ ಇಲ್ಲ. ಹೆಸರಾಂತ ಕಂಠ ಹೋದರೆ ಗಲ್ಲಾಪೆಟ್ಟಿಗೆಗೆ ಪೆಟ್ಟು. ಆದರೆ ಜನಪ್ರಿಯ ಗಾಯಕ ಹರಕೆ ಮೇಳದ ಲೆಕ್ಕಾಚಾರವನ್ನೂ ಬದಲಿಸಬಲ್ಲ. ಪಟ್ಲ ಸತೀಶ್ ಶೆಟ್ಟಿ 2019ರಲ್ಲಿ ಕಟೀಲು ಮೇಳದಿಂದ ಹೊರಬಂದಾಗ ಕರಾವಳಿಯಲ್ಲಿ ದೊಡ್ಡ ಚರ್ಚೆಯೇ ನಡೆಯಿತು. ಮರುವರ್ಷ ಪಾವಂಜೆಯ ಹೊಸ ಮೇಳ ಅವರ ಭಾಗವತಿಕೆಯಲ್ಲಿ ತಿರುಗಾಟಕ್ಕೆ ಹೊರಟಿತು. ಕಟೀಲಿನ ಆಟಗಳೂ ನಡೆದವು. ಇತ್ತ ಗಾಯಕ ಉಳಿದರು, ಅತ್ತ ಮೇಳವೂ ಉಳಿಯಿತು.

ಉಳಿಯಬೇಕಾದದ್ದು ಏನು?

'ಯಕ್ಷಗಾನ ಬಯಲಾಟ' ಗ್ರಂಥಕ್ಕೆ 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದ ಶಿವರಾಮ ಕಾರಂತರನ್ನು ಕಾಡಿದ್ದೂ ಕಲೆ ತನ್ನ ಸ್ವರೂಪ ಕಳೆದುಕೊಳ್ಳುತ್ತಿದೆಯೆಂಬ ಚಿಂತೆಯೇ. 1971ರಲ್ಲಿ ಉಡುಪಿಯಲ್ಲಿ ಯಕ್ಷಗಾನ ಕೇಂದ್ರ ಆರಂಭವಾದ ಮೇಲೆ ಕಲಿಕೆಗೆ ಮನೆತನ ಮತ್ತು ಮೇಳದಾಚೆಗೂ ಒಂದು ನೆಲೆ ಸಿಕ್ಕಿತು. ಆದರೆ ಶಾಲೆ ಪದ್ಯ, ತಾಳ, ರಾಗಗಳನ್ನು ಕಲಿಸಬಹುದು. ಎದುರಿನ ಕಲಾವಿದನ ಕಣ್ಣು ನೋಡಿ ಪದ್ಯ ಎತ್ತುವ ಹದವನ್ನು ರಂಗವೇ ಕಲಿಸಬೇಕು.

ಮೇಳದ ಪ್ರಾಮಾಣಿಕತೆಯನ್ನು ಅಳೆಯಬೇಕಾದದ್ದು ಹೊಸ ಭಾಗವತರ ದನಿ ಹಳಬರನ್ನು ಎಷ್ಟು ಹೋಲುತ್ತದೆ ಎಂಬುದರಿಂದಲ್ಲ. ವೇಷಧಾರಿಗೆ ಬೇಕಾದ ಹೊತ್ತಿಗೆ ಪದ್ಯ ಬಂತೆ, ಪ್ರಸಂಗದ ಭಾವ ಕೆಡದೆ ಉಳಿಯಿತೆ, ಪಕ್ಕದ ಕಿರಿಯನಿಗೆ ಹಾಡಲು ಜಾಗ ಸಿಕ್ಕಿತೆ ಎಂಬುದು ನಿಜವಾದ ಪರೀಕ್ಷೆ. ಮೂರನೆಯದು ತಪ್ಪಿದರೆ ಮೊದಲ ಎರಡು ಹೆಚ್ಚು ದಿನ ಬಾಳುವುದಿಲ್ಲ. ರಾತ್ರಿಯ ಆಟಗಳು ಕೆಲವೇ ಗಂಟೆಗಳ ಕಾಲಮಿತಿಗೆ ಇಳಿಯುತ್ತಿರುವ ಈ ದಿನಗಳಲ್ಲಿ ಮೊದಲು ಕತ್ತರಿ ಬೀಳುವುದು ಪೂರ್ವರಂಗಕ್ಕೆ, ಎಂದರೆ ಕಿರಿಯರು ಹಾಡುತ್ತಿದ್ದ ಹೊತ್ತಿಗೆ. ನಾಳೆಯ ಭಾಗವತರು ಯಾರೆಂದು ಕೇಳುವ ಪ್ರೇಕ್ಷಕರು ಈ ನಷ್ಟವನ್ನೂ ಗಮನಿಸಬೇಕಾಗಿದೆ.