ಕರುಳಿನ ಹಾರ್ಮೋನುಗಳು: ಸಕ್ಕರೆ, ತೂಕ, ಶಕ್ತಿವ್ಯಯ ಮತ್ತು ಪುರಾವೆಯ ಮೂರು ಮಟ್ಟಗಳು

ಒಂದೇ ಅಳತೆಯ ಗ್ಲೂಕೋಸನ್ನು ಒಮ್ಮೆ ಕರುಳಿಗೂ ಇನ್ನೊಮ್ಮೆ ನೇರವಾಗಿ ರಕ್ತನಾಳಕ್ಕೂ ಕೊಟ್ಟರೆ ಶರೀರ ಎರಡಕ್ಕೂ ಒಂದೇ ಬಗೆಯಲ್ಲಿ ಸ್ಪಂದಿಸುವುದಿಲ್ಲ. 1964ರಲ್ಲಿ ಲಂಡನ್ನಿನ ಮೆಕಿಂಟೈರ್, ಹೋಲ್ಡ್ಸ್‌ವರ್ತ್ ಮತ್ತು ಟರ್ನರ್ ಇದನ್ನು ಅಳೆದು ತೋರಿಸಿದರು. ಕರುಳಿನ ಹಾದಿಯಲ್ಲಿ ಬಂದ ಗ್ಲೂಕೋಸು ರಕ್ತದ ಸಕ್ಕರೆಯನ್ನು ಕಡಿಮೆ ಏರಿಸಿತು, ಇನ್ಸುಲಿನ್ನನ್ನು ಮಾತ್ರ ಹೆಚ್ಚು ಹೊಮ್ಮಿಸಿತು. ಅದೇ ವರ್ಷ ಅಮೆರಿಕದಲ್ಲಿ ಎಲ್ರಿಕ್ ಮತ್ತು ಸಂಗಡಿಗರೂ ಇದೇ ನಿರ್ಣಯಕ್ಕೆ ಬಂದರು. ಕರುಳಿನಿಂದ ಮೇದೋಜೀರಕ ಗ್ರಂಥಿಗೆ ಯಾವುದೋ ಸಂದೇಶ ಹೋಗುತ್ತಿರಬೇಕೆಂಬ ಊಹೆ ಹಳೆಯದು. ಬೆಲ್ಜಿಯಂನ ಲಾ ಬಾರ್ 1932ರಲ್ಲಿಯೇ ಅದನ್ನು ಇನ್‌ಕ್ರೆಟಿನ್ ಎಂದು ಕರೆದಿದ್ದರು. ಆದರೆ ರಕ್ತದಲ್ಲಿರುವ ಅತ್ಯಲ್ಪ ಇನ್ಸುಲಿನ್ನನ್ನು ಅಳೆಯುವ ವಿಧಾನವನ್ನು ಯಾಲೋ ಮತ್ತು ಬರ್ಸನ್ ರೂಪಿಸುವವರೆಗೆ ಊಹೆ ಊಹೆಯಾಗಿಯೇ ಉಳಿದಿತ್ತು.

ಅಲ್ಲಿಂದ ಇಲ್ಲಿಯವರೆಗೆ ಕರುಳಿನ ಹಾರ್ಮೋನುಗಳ ಮೇಲೆ ಮೂರು ಕೆಲಸಗಳನ್ನು ಹೊರಿಸಲಾಗಿದೆ: ಸಕ್ಕರೆಯ ನಿಯಂತ್ರಣ, ತೂಕದ ನಿಯಂತ್ರಣ, ಶಕ್ತಿವ್ಯಯದ ಹೆಚ್ಚಳ. ವೈದ್ಯರ ಉಪನ್ಯಾಸಗಳಲ್ಲಿಯೂ ಜನಪ್ರಿಯ ಬರಹಗಳಲ್ಲಿಯೂ ಮೂರನ್ನೂ ಒಂದೇ ಉಸಿರಿನಲ್ಲಿ ಹೇಳುವುದು ರೂಢಿಯಾಗಿದೆ. ಈ ರೂಢಿ ತಪ್ಪು ದಾರಿಗೆ ಒಯ್ಯುತ್ತದೆ ಎಂಬುದು ಈ ಲೇಖನದ ವಾದ. ಊಟದ ನಂತರ ಶರೀರವೇ ಸ್ರವಿಸುವ ಪ್ರಮಾಣ ಮೊದಲ ಕೆಲಸಕ್ಕೆ ಸಾಕು. ಎರಡನೆಯದು ಮುಖ್ಯವಾಗಿ ಔಷಧದ ಪ್ರಮಾಣದಲ್ಲಿ ಮಾತ್ರ ನಡೆಯುತ್ತದೆ. ಮೂರನೆಯದಕ್ಕೆ ಮನುಷ್ಯರಲ್ಲಿ ಸಿಕ್ಕಿರುವ ಆಧಾರ ಬಹಳ ತೆಳುವು.

ಸಕ್ಕರೆಯ ವಿಷಯದಲ್ಲಿ ಎರಡು ಹಾರ್ಮೋನುಗಳು ಪ್ರಧಾನ. ಸಣ್ಣ ಕರುಳಿನ ಮೇಲ್ಭಾಗದಲ್ಲಿ ದಟ್ಟವಾಗಿರುವ ಕೆ-ಕೋಶಗಳು ಜಿಐಪಿಯನ್ನು ಸ್ರವಿಸುತ್ತವೆ. ಕರುಳಿನ ಕೆಳಭಾಗಕ್ಕೆ ಇಳಿದಂತೆ ಹೆಚ್ಚುವ ಎಲ್-ಕೋಶಗಳಿಂದ ಜಿಎಲ್‌ಪಿ-1 ಬರುತ್ತದೆ. ಆರೋಗ್ಯವಂತರಲ್ಲಿ ಗ್ಲೂಕೋಸು ಕುಡಿದ ನಂತರ ಹೊಮ್ಮುವ ಇನ್ಸುಲಿನ್ನಿನ ಅರ್ಧಕ್ಕೂ ಹೆಚ್ಚು ಪಾಲಿಗೆ ಇವೆರಡೂ ಸೇರಿ ಕಾರಣ. ಜಿಎಲ್‌ಪಿ-1ರ ಪತ್ತೆಯ ಕಥೆ ಮೀನಿನಿಂದ ಶುರುವಾಗುತ್ತದೆ. ಬಾಸ್ಟನ್ನಿನಲ್ಲಿ ಜೋಯೆಲ್ ಹೆಬೆನರ್ ಅವರ ಪ್ರಯೋಗಾಲಯ 1980ರ ದಶಕದ ಆರಂಭದಲ್ಲಿ ಸಕ್ಕರೆ ಏರಿಸುವ ಹಾರ್ಮೋನಾದ ಗ್ಲೂಕಗಾನ್‌ನ ಜೀನನ್ನು ಆಂಗ್ಲರ್ ಮೀನಿನಲ್ಲಿ ಓದಿದಾಗ ಅದರೊಳಗೆ ಗ್ಲೂಕಗಾನ್ನನ್ನು ಹೋಲುವ ಇನ್ನೊಂದು ತುಣುಕು ಕಂಡಿತು. ಸಸ್ತನಿಗಳಲ್ಲಿ ಆ ತುಣುಕಿನ ಯಾವ ಭಾಗ ನಿಜವಾಗಿ ಸಕ್ರಿಯ ಎಂಬುದನ್ನು ಬಿಡಿಸಿದವರು ಸ್ವೆಟ್ಲಾನಾ ಮೊಯ್ಸೊವ್. ಕೋಪನ್‌ಹೇಗನ್ನಿನಲ್ಲಿ ಯೆನ್ಸ್ ಹೋಲ್ಸ್ಟ್ ಸ್ವತಂತ್ರವಾಗಿ ಅದೇ ನೆಲೆಗೆ ತಲುಪಿದರು. ಮೊಯ್ಸೊವ್ ಅವರ ಪಾಲು ದಶಕಗಳ ಕಾಲ ಹಿನ್ನೆಲೆಯಲ್ಲಿ ಉಳಿದಿತ್ತು. 2024ರ ಲಾಸ್ಕರ್ ಪ್ರಶಸ್ತಿ ಹೆಬೆನರ್ ಮತ್ತು ಲೊಟ್ಟೆ ಬ್ಯೆರ್ರೆ ಕ್ನೂಡ್ಸೆನ್ ಅವರ ಜೊತೆಗೆ ಮೊಯ್ಸೊವ್ ಅವರಿಗೂ ಸಂದದ್ದು ತಡವಾಗಿ ದೊರೆತ ನ್ಯಾಯ.

ಜಿಎಲ್‌ಪಿ-1 ಇನ್ಸುಲಿನ್ ಸ್ರವಿಸುವ ಬೀಟಾ ಕೋಶಗಳನ್ನು ಪ್ರಚೋದಿಸುವುದು ರಕ್ತದಲ್ಲಿ ಸಕ್ಕರೆ ಏರಿರುವಾಗ ಮಾತ್ರ. ಸಕ್ಕರೆ ಸಹಜ ಮಟ್ಟಕ್ಕೆ ಇಳಿದಂತೆ ಅದರ ಒತ್ತಾಯವೂ ಅಡಗುತ್ತದೆ. ಆದ್ದರಿಂದಲೇ ಅದೊಂದರಿಂದಲೇ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯುವುದು ಅಪರೂಪ. ಅದು ಗ್ಲೂಕಗಾನ್ನನ್ನೂ ತಗ್ಗಿಸುತ್ತದೆ, ಜಠರ ಖಾಲಿಯಾಗುವ ವೇಗವನ್ನೂ ಇಳಿಸುತ್ತದೆ. ಎರಡನೆಯ ಬಗೆಯ ಮಧುಮೇಹದಲ್ಲಿ ಈ ವ್ಯವಸ್ಥೆ ಕುಂದಿರುತ್ತದೆ ಎಂದು ಜರ್ಮನಿಯ ಮೈಕಲ್ ನೌಕ್ 1986ರಲ್ಲಿ ತೋರಿಸಿದರು. 1993ರಲ್ಲಿ ಅವರ ತಂಡವೇ ಇನ್ನೊಂದು ಮುಖವನ್ನು ತೆರೆದಿಟ್ಟಿತು: ಮಧುಮೇಹಿಗಳ ಬೀಟಾ ಕೋಶಗಳು ಜಿಐಪಿಗೆ ಬಹುಮಟ್ಟಿಗೆ ಕಿವುಡಾಗಿದ್ದರೂ, ಸಹಜಕ್ಕಿಂತ ಹೆಚ್ಚಿನ ಪ್ರಮಾಣದಲ್ಲಿ ಕೊಟ್ಟ ಜಿಎಲ್‌ಪಿ-1ಕ್ಕೆ ಓಗೊಡುತ್ತವೆ. ಇಂದಿನ ಚಿಕಿತ್ಸೆಗೆಲ್ಲ ಈ ಒಂದು ಅವಲೋಕನವೇ ತಳಹದಿ.

ಆದರೆ ಸಹಜ ಜಿಎಲ್‌ಪಿ-1 ಅಲ್ಪಾಯುಷಿ. ಡಿಪಿಪಿ-4 ಎಂಬ ಕಿಣ್ವ ಅದನ್ನು ಕರುಳಿನ ಲೋಮನಾಳಗಳಲ್ಲಿಯೇ ಕತ್ತರಿಸತೊಡಗುತ್ತದೆ. ರಕ್ತದಲ್ಲಿ ಅದರ ಅರ್ಧಾಯುಷ್ಯ ಎರಡು ನಿಮಿಷದ ಆಸುಪಾಸು. ಸ್ರವಿಸಿದ್ದರಲ್ಲಿ ಅಖಂಡವಾಗಿ ಸಾಮಾನ್ಯ ರಕ್ತಪರಿಚಲನೆಗೆ ತಲುಪುವುದು ಶೇ 10-15ರಷ್ಟು ಮಾತ್ರ ಎಂದು ಹೋಲ್ಸ್ಟ್ ಅಂದಾಜಿಸಿದ್ದಾರೆ. ಹಾಗಾದರೆ ಅದು ಕೆಲಸ ಮಾಡುವುದೆಲ್ಲಿ? ಕರುಳಿನ ಗೋಡೆಯಲ್ಲಿ ಹರಡಿರುವ ವೇಗಸ್ ನರದ ತುದಿಗಳ ಮೂಲಕ, ಅಂದರೆ ಹುಟ್ಟಿದ ಜಾಗದ ನೆರೆಯಲ್ಲಿಯೇ, ಅದು ತನ್ನ ಸುದ್ದಿಯ ಬಹುಭಾಗವನ್ನು ದಾಟಿಸುತ್ತದೆ ಎಂಬ ವಿವರಣೆ ಹೆಚ್ಚು ಒಪ್ಪುವಂತಿದೆ.

ಮೊದಲ ಮತ್ತು ಎರಡನೆಯ ಕೆಲಸಗಳನ್ನು ಬೇರ್ಪಡಿಸಿ ನೋಡಲು ನಮಗೊಂದು ಸಿದ್ಧ ಪರೀಕ್ಷೆಯೇ ಇದೆ, ಅದು ನಮ್ಮ ಮನೆಗಳ ಔಷಧದ ಡಬ್ಬಿಗಳಲ್ಲಿಯೇ ಇದೆ. ಸಿಟಾಗ್ಲಿಪ್ಟಿನ್, ವಿಲ್ಡಾಗ್ಲಿಪ್ಟಿನ್, ಭಾರತದಲ್ಲಿ ಕಡಿಮೆ ಬೆಲೆಗೆ ಸಿಗುವ ಟೆನೆಲಿಗ್ಲಿಪ್ಟಿನ್ ಇವೆಲ್ಲ ಡಿಪಿಪಿ-4 ಕಿಣ್ವವನ್ನು ತಡೆಯುವ ಮಾತ್ರೆಗಳು. ಇವುಗಳಿಂದ ಊಟದ ನಂತರ ಸಕ್ರಿಯ ಜಿಎಲ್‌ಪಿ-1ರ ಮಟ್ಟ ಎರಡು ಮೂರು ಪಟ್ಟು ಏರುತ್ತದೆ, ಸಕ್ಕರೆ ಇಳಿಯುತ್ತದೆ. ತೂಕ ಮಾತ್ರ ಇದ್ದಲ್ಲಿಯೇ ಇರುತ್ತದೆ. ಸಹಜ ಮಟ್ಟದ ಒಂದಿಷ್ಟು ಹೆಚ್ಚಳ ಸಕ್ಕರೆಗೆ ಸಾಕು, ತೂಕಕ್ಕೆ ಸಾಲದು ಎಂಬುದಕ್ಕೆ ಕೋಟ್ಯಂತರ ರೋಗಿಗಳ ಅನುಭವವೇ ಸಾಕ್ಷಿ. ಆಹಾರದಿಂದಲೇ ಜಿಎಲ್‌ಪಿ-1 ಹೆಚ್ಚಿಸಿ ತೂಕ ಇಳಿಸಬಹುದೆಂಬ ಪ್ರಚಾರ ಈಗ ಜೋರಾಗಿದೆ. ನಾರು, ಕಾಳು, ಸೊಪ್ಪು ತಿನ್ನಲು ಒಳ್ಳೆಯ ಕಾರಣಗಳು ಬೇಕಾದಷ್ಟಿವೆ. ಆದರೆ ಚುಚ್ಚುಮದ್ದಿನ ಫಲವನ್ನು ಅವು ಕೊಡುತ್ತವೆ ಎನ್ನುವವರು ಈ ಮಾತ್ರೆಗಳ ಫಲಿತಾಂಶಕ್ಕೆ ಮೊದಲು ಉತ್ತರ ಹೇಳಬೇಕು.

ಚುಚ್ಚುಮದ್ದುಗಳು ಮಾಡುವುದು ಬೇರೆಯದೇ ಕೆಲಸ. 1992ರಲ್ಲಿ ನ್ಯೂಯಾರ್ಕಿನ ಜಾನ್ ಎಂಗ್ ಗಿಲಾ ಮಾನ್‌ಸ್ಟರ್ ಎಂಬ ವಿಷದ ಹಲ್ಲಿಯ ವಿಷದಲ್ಲಿ ಎಕ್ಸೆಂಡಿನ್-4 ಎಂಬ ಪೆಪ್ಟೈಡನ್ನು ಕಂಡುಹಿಡಿದರು. ಅದು ಜಿಎಲ್‌ಪಿ-1ರ ಗ್ರಾಹಕವನ್ನೇ ತೆರೆಯುತ್ತದೆ, ಡಿಪಿಪಿ-4ಕ್ಕೆ ಮಾತ್ರ ಸುಲಭಕ್ಕೆ ಮಣಿಯುವುದಿಲ್ಲ. ಅದರ ಆಧಾರದ ಎಕ್ಸೆನಟೈಡ್ 2005ರಲ್ಲಿ ಅಮೆರಿಕದಲ್ಲಿ ಮಾನ್ಯತೆ ಪಡೆಯಿತು. ನಂತರ ಬಂದ ಸೆಮಾಗ್ಲುಟೈಡ್‌ನ ಅರ್ಧಾಯುಷ್ಯ ಸುಮಾರು ಒಂದು ವಾರ. ಎರಡು ನಿಮಿಷವೆಲ್ಲಿ, ಒಂದು ವಾರವೆಲ್ಲಿ! ಊಟಕ್ಕೊಮ್ಮೆ ಮಿಡಿದು ಅಡಗುವ ಸಂಕೇತ ಇಲ್ಲಿ ಹಗಲಿರುಳೂ ನಿಲ್ಲದ ಸಂಕೇತವಾಗುತ್ತದೆ. ಆ ಔಷಧ ಮೆದುಳಿನ ಹಿಂಭಾಗದ ಏರಿಯಾ ಪೋಸ್ಟ್ರೆಮಾದಂಥ, ರಕ್ತದಿಂದ ಪೂರ್ತಿ ಮರೆಯಾಗಿರದ ತಾಣಗಳನ್ನು ಮುಟ್ಟುತ್ತದೆ. ವಾಕರಿಕೆ ಈ ಔಷಧಗಳ ಬಹು ಸಾಮಾನ್ಯ ಅಡ್ಡಪರಿಣಾಮವಾಗಿರುವುದಕ್ಕೂ ಈ ನೆರೆಹೊರೆಗೂ ಸಂಬಂಧವಿದೆ. 2021ರಲ್ಲಿ ಪ್ರಕಟವಾದ, 1961 ಮಂದಿಯ ಪ್ರಯೋಗದಲ್ಲಿ 68 ವಾರಗಳ ನಂತರ ಸೆಮಾಗ್ಲುಟೈಡ್ ಗುಂಪಿನ ತೂಕ ಸರಾಸರಿ ಶೇ 14.9ರಷ್ಟು ಇಳಿಯಿತು, ಹುಸಿಮದ್ದಿನ ಗುಂಪಿನದು ಶೇ 2.4. ಚುಚ್ಚುಮದ್ದು ನಿಲ್ಲಿಸಿ ವರ್ಷ ಕಳೆದಾಗ ಕಳೆದುಕೊಂಡಿದ್ದ ತೂಕದ ಮೂರನೇ ಎರಡು ಪಾಲು ಮರಳಿತ್ತು.

ಈ ಮರಳುವಿಕೆಯನ್ನು ರೋಗಿಯ ಮನೋದೌರ್ಬಲ್ಯವೆಂದು ಬಗೆಯುವುದು ಅನ್ಯಾಯ. ಆಸ್ಟ್ರೇಲಿಯಾದ ಸುಮಿತ್ರನ್ ಮತ್ತು ಸಂಗಡಿಗರು 2011ರಲ್ಲಿ ತೋರಿಸಿದಂತೆ, ಪಥ್ಯದಿಂದ ತೂಕ ಇಳಿಸಿದವರಲ್ಲಿ ಹಸಿವೆಯ ಹಾರ್ಮೋನಾದ ಘ್ರೆಲಿನ್ ಏರುತ್ತದೆ, ತೃಪ್ತಿಯ ಸಂಕೇತಗಳಾದ ಪಿವೈವೈ ಮತ್ತು ಸಿಸಿಕೆ ಇಳಿಯುತ್ತವೆ. ವರ್ಷ ಕಳೆದರೂ ಅವು ಹಳೆಯ ಮಟ್ಟಕ್ಕೆ ಬರುವುದಿಲ್ಲ. ಒಂದು ಊಟವನ್ನು ನಿಲ್ಲಿಸುವುದಕ್ಕೂ ತೂಕವನ್ನು ಇಳಿಸುವುದಕ್ಕೂ ಇರುವ ಅಂತರ ಸಿಸಿಕೆಯಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಅದು ಊಟದ ಗಾತ್ರವನ್ನು ಕುಗ್ಗಿಸುತ್ತದೆಂದು 1973ರಲ್ಲಿಯೇ ಗೊತ್ತಾಗಿತ್ತು. ಆದರೆ ಪ್ರತಿ ಊಟಕ್ಕೂ ಸಿಸಿಕೆ ಕೊಟ್ಟಾಗ ಇಲಿಗಳು ಸಣ್ಣ ಊಟಗಳನ್ನೇ ಹೆಚ್ಚು ಬಾರಿ ಉಂಡು ತೂಕ ಕಾಪಾಡಿಕೊಂಡವು. ಜಿಐಪಿಯ ಒಗಟು ಇನ್ನೂ ಗಟ್ಟಿ. ಟಿರ್ಜೆಪಟೈಡ್ ಜಿಐಪಿ ಗ್ರಾಹಕವನ್ನು ತೆರೆಯುತ್ತದೆ. ಪರೀಕ್ಷೆಯಲ್ಲಿರುವ ಮಾರಿಡೆಬಾರ್ಟ್ ಕಾಫ್ರಗ್ಲುಟೈಡ್ ಅದೇ ಗ್ರಾಹಕವನ್ನು ಮುಚ್ಚುತ್ತದೆ. ಎರಡೂ ಜಿಎಲ್‌ಪಿ-1 ಗ್ರಾಹಕವನ್ನು ತೆರೆಯುತ್ತವೆ, ಎರಡರಿಂದಲೂ ತೂಕ ಇಳಿಯುತ್ತದೆ. ಇದಕ್ಕೆ ಕೊಡಲಾಗುವ ವಿವರಣೆಗಳಲ್ಲಿ ಯಾವುದೂ ಇನ್ನೂ ನನ್ನನ್ನು ಒಪ್ಪಿಸಿಲ್ಲ.

ಇನ್ನು ಶಕ್ತಿವ್ಯಯ. ಬೇಲಿಸ್ ಮತ್ತು ಸ್ಟಾರ್ಲಿಂಗ್ 1902ರಲ್ಲಿ ಗುರುತಿಸಿದ ಸೆಕ್ರೆಟಿನ್ ಕರುಳಿನ ಹಾರ್ಮೋನುಗಳಲ್ಲಿ ಮೊದಲನೆಯದು. ಮೇದೋಜೀರಕ ರಸವನ್ನು ಹರಿಸುವುದಷ್ಟೇ ಅದರ ಕೆಲಸವೆಂದು ಶತಮಾನದುದ್ದಕ್ಕೂ ಪಾಠ ಹೇಳಲಾಯಿತು. 2018ರಲ್ಲಿ ಮ್ಯೂನಿಕ್ಕಿನ ಕ್ಲಿಂಗೆನ್‌ಸ್ಪೋರ್ ತಂಡ ಇಲಿಗಳಲ್ಲಿ ಸೆಕ್ರೆಟಿನ್ ಕಂದು ಕೊಬ್ಬನ್ನು ಬಿಸಿಯೇರಿಸಿ ತೃಪ್ತಿಯನ್ನು ತರುತ್ತದೆಂದು ತೋರಿಸಿತು. ಮುಂದೆ ಫಿನ್ಲೆಂಡಿನಲ್ಲಿ ಮನುಷ್ಯರಲ್ಲಿಯೂ ಅದೇ ದಿಕ್ಕಿನ ಫಲ ಕಂಡಿತು. ಇದು ಸುಂದರವಾದ ಶರೀರಶಾಸ್ತ್ರ. ಆದರೆ ವಯಸ್ಕರಲ್ಲಿ ಕಂದು ಕೊಬ್ಬು ಅಲ್ಪ. ಈ ಬಿಸಿಯಿಂದ ಮನುಷ್ಯನ ತೂಕ ಇಳಿದ ಉದಾಹರಣೆಯಿಲ್ಲ. ಜಿಎಲ್‌ಪಿ-1ರ ವಿಷಯದಲ್ಲಿ ದಂಶಕಗಳ ಪ್ರಯೋಗಗಳು ಶಕ್ತಿವ್ಯಯ ಹೆಚ್ಚುತ್ತದೆಂದರೂ ಮನುಷ್ಯರ ಅಳತೆಗಳು ಅದನ್ನು ಬೆಂಬಲಿಸುವುದಿಲ್ಲ. ಬ್ಲಂಡೆಲ್ ಮತ್ತು ಸಂಗಡಿಗರ 2017ರ ಅಧ್ಯಯನದಲ್ಲಿ ಸೆಮಾಗ್ಲುಟೈಡ್ ಪಡೆದವರು ಸುಮಾರು ಶೇ 24ರಷ್ಟು ಕಡಿಮೆ ಉಂಡರು. ವಿಶ್ರಾಂತಿಯ ಶಕ್ತಿವ್ಯಯವನ್ನು ಕೊಬ್ಬಲ್ಲದ ರಾಶಿಗೆ ಹೊಂದಿಸಿ ನೋಡಿದಾಗ ವ್ಯತ್ಯಾಸ ಉಳಿಯಲಿಲ್ಲ. ಗ್ಲೂಕಗಾನ್ ಇದಕ್ಕೆ ಅಪವಾದ. ಅದರ ಅಲ್ಪಾವಧಿಯ ದ್ರಾವಣ ಮನುಷ್ಯರಲ್ಲಿ ಶಕ್ತಿವ್ಯಯವನ್ನು ಏರಿಸುತ್ತದೆ, ಜೊತೆಗೆ ಕೊಟ್ಟ ಜಿಎಲ್‌ಪಿ-1 ಸಕ್ಕರೆಯ ಏರಿಕೆಯನ್ನು ತಡೆಯುತ್ತದೆ. ಜಿಎಲ್‌ಪಿ-1, ಜಿಐಪಿ, ಗ್ಲೂಕಗಾನ್ ಈ ಮೂರರ ಗ್ರಾಹಕಗಳನ್ನೂ ತಟ್ಟುವ ರೆಟಾಟ್ರುಟೈಡ್ 2023ರ ಪ್ರಯೋಗದಲ್ಲಿ 48 ವಾರಗಳಲ್ಲಿ ಶೇ 24.2ರವರೆಗೆ ತೂಕ ಇಳಿಸಿತು. ಅದರಲ್ಲಿ ಊಟ ಕಡಿಮೆಯಾದದ್ದರ ಪಾಲೆಷ್ಟು, ವ್ಯಯ ಹೆಚ್ಚಿದ್ದರ ಪಾಲೆಷ್ಟು ಎಂದು ಬಿಡಿಸಿ ಅಳೆಯುವ ಕೆಲಸ ಆ ಪ್ರಯೋಗದ ಉದ್ದೇಶವಾಗಿರಲಿಲ್ಲ.

ಶಕ್ತಿವ್ಯಯದ ಪ್ರಶ್ನೆ ಭಾರತೀಯರಿಗೆ ಇನ್ನೊಂದು ಕಡೆಯಿಂದ ಎದುರಾಗುತ್ತದೆ. ವಿಶ್ರಾಂತಿಯಲ್ಲಿ ಶರೀರ ವ್ಯಯಿಸುವ ಶಕ್ತಿಯನ್ನು ನಿರ್ಧರಿಸುವುದು ಬಹುಪಾಲು ಕೊಬ್ಬಲ್ಲದ ರಾಶಿ. ಪುಣೆಯ ಯಾಜ್ಞಿಕ್ ಮತ್ತು ಲಂಡನ್ನಿನ ಯುಡ್ಕಿನ್ 2004ರಲ್ಲಿ ತಮ್ಮಿಬ್ಬರ ಶರೀರಗಳನ್ನೇ ಹೋಲಿಸಿ ಪ್ರಕಟಿಸಿದರು: ಇಬ್ಬರ ಬಿಎಂಐ 22.3; ಕೊಬ್ಬು ಯುಡ್ಕಿನ್ ಅವರಲ್ಲಿ ಶೇ 9.1, ಯಾಜ್ಞಿಕ್ ಅವರಲ್ಲಿ ಶೇ 21.2. ನಮ್ಮ ಜನರಲ್ಲಿ ಸ್ನಾಯು ಮೊದಲೇ ಕಡಿಮೆ. 2021ರ ಸೆಮಾಗ್ಲುಟೈಡ್ ಪ್ರಯೋಗದ ಉಪಅಧ್ಯಯನದಲ್ಲಿ ಕಳೆದ ತೂಕದ ಸುಮಾರು ಶೇ 40 ಕೊಬ್ಬಲ್ಲದ ರಾಶಿಯಾಗಿತ್ತು. ಭಾರತದಲ್ಲಿ ಮಧುಮೇಹಿಗಳ ಸಂಖ್ಯೆ 10.1 ಕೋಟಿ ಎಂದು ಐಸಿಎಂಆರ್-ಇಂಡಿಯಾಬ್ ಸಮೀಕ್ಷೆ 2023ರಲ್ಲಿ ಅಂದಾಜಿಸಿದೆ. 2025ರಲ್ಲಿ ಟಿರ್ಜೆಪಟೈಡ್ ಮತ್ತು ತೂಕ ಇಳಿಸುವ ಸೆಮಾಗ್ಲುಟೈಡ್ ಇಲ್ಲಿನ ಮಾರುಕಟ್ಟೆಗೆ ಬಂದಿವೆ. ಆದ್ದರಿಂದ ಇಲ್ಲಿನ ಪ್ರಯೋಗಗಳಲ್ಲಿ ತಕ್ಕಡಿಯ ಅಂಕಿ ಸಾಲದು. ಚಿಕಿತ್ಸೆಯ ಮೊದಲೂ, ನಡುವೆಯೂ, ನಿಲ್ಲಿಸಿ ವರ್ಷದ ನಂತರವೂ ಕೊಬ್ಬನ್ನು ಮತ್ತು ಸ್ನಾಯುವನ್ನು ಬೇರೆ ಬೇರೆಯಾಗಿ ಅಳೆಯಬೇಕು. ಕೈಹಿಡಿತದ ಬಲವನ್ನೂ ವಿಶ್ರಾಂತಿಯ ಶಕ್ತಿವ್ಯಯವನ್ನೂ ದಾಖಲಿಸಬೇಕು. ಮರಳಿ ಬರುವ ತೂಕ ಕೊಬ್ಬಾಗಿ ಬರುತ್ತದೆಯೋ ಸ್ನಾಯುವಾಗಿ ಬರುತ್ತದೆಯೋ ಎಂಬುದನ್ನು ಆ ಅಳತೆಗಳಿಂದಲೇ ತಿಳಿಯಬೇಕು.